ಒಂದು ಹಲ್ಲಿನ ಭಾರ

ವಚನವೊಂದರ ತಾತ್ಪರ್ಯಕ್ಕೆ ಹೋಗುವ ಮುನ್ನ ಅದರೊಳಗಿನ ಕಠಿಣ ಪದವನ್ನು ಬಿಡಿಸಿಕೊಳ್ಳುವುದು ವಾಡಿಕೆ. ಇಲ್ಲಿ ಹೇಳಹೊರಟಿರುವ ಪ್ರಸಂಗದಲ್ಲಿಯೂ ಅಂಥದೊಂದು ಪದವಿದೆ. ಅದು ‘ಚೈನ್ ಸಾಕೆಟ್’. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಗ್ಯಾರೇಜುಗಳಲ್ಲಿ ಎಣ್ಣೆಗೈಯ ಹುಡುಗರು ದಿನಕ್ಕೆ ಹತ್ತು ಸಲವಾದರೂ ಆಡುವ ಮಾತಿದು. ಯಂತ್ರಶಾಸ್ತ್ರದ ಪುಸ್ತಕದಲ್ಲಿ ಇದರ ಹೆಸರು ಸ್ಪ್ರಾಕೆಟ್. ನಾಲಗೆಗೆ ಒಗ್ಗದ ಅಕ್ಷರಗಳನ್ನು ಜನರು ಸವೆಸಿ ಸಾಕೆಟ್ ಮಾಡಿಕೊಂಡಿದ್ದಾರೆ. ಅರ್ಥ ಮಾತ್ರ ಸವೆದಿಲ್ಲ: ಸರಪಳಿಯ ಕೊಂಡಿಗಳೊಳಗೆ ತನ್ನ ಹಲ್ಲುಗಳನ್ನಿಟ್ಟು ಅದನ್ನು ಎಳೆಯುವ, ಇಲ್ಲವೆ ಅದರಿಂದ ಎಳೆಯಿಸಿಕೊಳ್ಳುವ ಚಕ್ರ. ಮೋಟಾರ್ ಸೈಕಲ್ಲಿನ ಗೇರ್ ಪೆಟ್ಟಿಗೆಯ ಬದಿಗೆ ಸಣ್ಣದೊಂದು, ಹಿಂದಿನ ಗಾಲಿಗೆ ದೊಡ್ಡದೊಂದು, ನಡುವೆ ಸರಪಳಿ. ಎಂಜಿನಿನ ಶಕ್ತಿಯೆಲ್ಲವೂ ನೆಲವನ್ನು ಮುಟ್ಟುವುದು ಈ ಮೂರರ ಮೂಲಕವೇ.

ಈ ಸಣ್ಣ ಚಕ್ರದ ಒಂದೇ ಒಂದು ಹಲ್ಲು ಇಂಡಿ ತಾಲ್ಲೂಕಿನ ಒಂದು ಲಿಂಬೆಯ ತೋಟದ ಅಳಿವು ಉಳಿವಿನ ಪ್ರಶ್ನೆಯಲ್ಲಿ ಪಾಲು ಪಡೆದ ಬಗೆಯನ್ನು ಸದ್ಭಕ್ತರ ಮುಂದಿಡುವುದು ಈ ಬರಹದ ಉದ್ದೇಶ.

ಇಂಡಿಯ ಲಿಂಬೆಯ ವಿಷಯವನ್ನು ಈ ಭಾಗದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ತೆಳು ಸಿಪ್ಪೆಯ, ರಸ ತುಂಬಿದ ಕಾಗಜಿ ಲಿಂಬೆ ವಿಜಯಪುರ ಜಿಲ್ಲೆಯ ಹೆಗ್ಗುರುತಾಗಿ, 2023ರಲ್ಲಿ ‘ಇಂಡಿ ಲಿಂಬೆ’ ಎಂಬ ಹೆಸರಿನಲ್ಲಿಯೇ ಭೌಗೋಳಿಕ ಮಾನ್ಯತೆಯನ್ನು ಪಡೆದುಕೊಂಡಿತು. ಡೋಣಿ ಸಾಲಿನ ಎರೆಭೂಮಿ ಬಿಳಿಜೋಳಕ್ಕೆ ಹೇಗೆ ಹೆಸರಾಯಿತೋ, ನೀರು ನಿಲ್ಲದೆ ಬಸಿದುಹೋಗುವ ಮಸಾರಿ ನೆಲ ಲಿಂಬೆಗೆ ಹಾಗೆ ಒದಗಿಬಂದಿತು. ಆದರೆ ಬಸಿದುಹೋಗುವ ನೆಲಕ್ಕೆ ಮತ್ತೆ ಮತ್ತೆ ನೀರುಣಿಸಬೇಕು. ಲಿಂಬೆಯ ಸಸಿ ಫಲಕ್ಕೆ ಬರಲು ಮೂರು ನಾಲ್ಕು ವರ್ಷ ಬೇಕು. ಜೋಳ ಒಣಗಿದರೆ ಒಂದು ಹಂಗಾಮು ಹೋಗುತ್ತದೆ. ಲಿಂಬೆಯ ಸಸಿ ಒಣಗಿದರೆ ಅದನ್ನು ಬೆಳೆಸಿದ ವರ್ಷಗಳೆಲ್ಲ ಒಟ್ಟಿಗೇ ಹೋಗುತ್ತವೆ.

2023ರ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿದ ವರ್ಷವದು. ಮರುವರ್ಷದ ಬೇಸಿಗೆಗೆ ತೋಟಗಳಲ್ಲಿ ಕೊಳವೆಬಾವಿಗಳು ಒಂದೊಂದಾಗಿ ಬರಿ ಗಾಳಿಯನ್ನು ಉಗುಳತೊಡಗಿದವು. ಉಳ್ಳವರು ಟ್ಯಾಂಕರಿನ ನೀರನ್ನು ಕೊಂಡು ಗಿಡಗಳಿಗೆ ಎರೆದರು. ಕೊಳ್ಳಲಾರದವರು ತಮ್ಮ ತಮ್ಮ ದಾರಿಯನ್ನು ಹುಡುಕಿಕೊಂಡರು.

ಹಾಗೆ ದಾರಿ ಹುಡುಕಿಕೊಂಡವರಲ್ಲಿ ಇಂಡಿಯಿಂದ ಬಹುದೂರವೇನೂ ಇಲ್ಲದ ಒಂದು ಹಳ್ಳಿಯ ತರುಣನೂ ಒಬ್ಬ. ಇಂಡಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ಮನೆಯಲ್ಲಿ ವಯಸ್ಸಾದ ತಂದೆ, ಹೆಂಡತಿ, ಶಾಲೆಗೆ ಹೋಗುವ ಮಗಳು. ಮೂರು ವರ್ಷ ತುಂಬಿದ 96 ಲಿಂಬೆಯ ಸಸಿಗಳು ಮಸಾರಿಯ ದಿಣ್ಣೆಯ ಮೇಲೆ. ಕೆಳಗೆ ಹಳ್ಳದ ದಂಡೆಗೆ ದೊಡ್ಡಪ್ಪನ ಮನೆಯವರದೊಂದು ಹಳೆಯ ಬಾವಿ. ಅದರಲ್ಲಿ ಮೋಟಾರು ಹಚ್ಚಿ ಎತ್ತುವಷ್ಟು ನೀರು ಇರಲಿಲ್ಲ. ರಾತ್ರಿಯೆಲ್ಲ ಸೆಲೆಯೊಡೆದು ನಿಂತದ್ದನ್ನು ಬೆಳಗಿನ ಜಾವ ಹಗ್ಗ ಕೊಡಗಳಿಂದ ಸೇದಿಕೊಳ್ಳಬಹುದು, ಅದೂ ಮೂರು ದಿನಕ್ಕೊಮ್ಮೆ ಎಂಬುದು ಎರಡು ಮನೆಗಳ ನಡುವಿನ ಒಡಂಬಡಿಕೆ. ಮಾವ ಸೊಸೆ ಇಬ್ಬರೂ ನೀರು ಸೇದುವರು. ಮಗ 20 ಲೀಟರಿನ ಕ್ಯಾನುಗಳನ್ನು ತನ್ನ ನೂರು ಸಿ.ಸಿ. ಮೋಟಾರ್ ಸೈಕಲ್ಲಿನ ಎರಡೂ ಬದಿಗೆ ಕಬ್ಬಿಣದ ಕೊಕ್ಕೆಗಳಿಗೆ ತೂಗುಹಾಕಿ, ಹಳ್ಳದ ಏರನ್ನು ಹತ್ತಿ, ಸಸಿಗೆ 10 ಲೀಟರಿನಂತೆ ಎರೆದು ಬರುವನು.

ಲೆಕ್ಕ ಬರೆಯುವ ಕೈಗೆ ಈ ಲೆಕ್ಕ ಮೊದಲ ದಿನವೇ ಹೊಳೆಯಿತು. ಮೂರು ಕ್ಯಾನಾದರೆ ಒಂದು ಖೇಪಿಗೆ ಆರು ಸಸಿ. 96 ಸಸಿಗಳಿಗೆ 16 ಖೇಪು. ನಾಲ್ಕು ಕ್ಯಾನಾದರೆ ಎಂಟು ಸಸಿ, 12 ಖೇಪು. ಹೋಗಿ ಎರೆದು ಬರಲು ಖೇಪಿಗೆ 20 ನಿಮಿಷ. ಬೆಳಗಿನ ಐದೂವರೆಗೆ ಆರಂಭಿಸಿದರೆ 12 ಖೇಪು ಒಂಬತ್ತೂವರೆಗೆ ಮುಗಿಯುತ್ತವೆ, ಹತ್ತಕ್ಕೆ ಅಂಗಡಿಯ ಬಾಗಿಲಿಗೆ ಮುಟ್ಟಬಹುದು. 16 ಖೇಪಾದರೆ ಹನ್ನೊಂದಕ್ಕೆ ಹತ್ತೇ ನಿಮಿಷ ಉಳಿದಿರುತ್ತದೆ. ಮೂರು ದಿನಕ್ಕೊಮ್ಮೆ ಒಂದು ತಾಸು ತಡವಾಗಿ ಬರುವ ಗುಮಾಸ್ತನನ್ನು ಯಾವ ಯಜಮಾನ ಎಷ್ಟು ದಿನ ಸಹಿಸಿಯಾನು? ಕೆಲಸವೂ ಉಳಿಯಬೇಕು, ಸಸಿಗಳೂ ಉಳಿಯಬೇಕು ಎಂದಾದರೆ ನಾಲ್ಕನೆಯ ಕ್ಯಾನು ಏರನ್ನು ಹತ್ತಲೇಬೇಕು.

ಅದು ಹತ್ತಲಿಲ್ಲ. ಮೂರು ಕ್ಯಾನಿನವರೆಗೆ ಏದುಸಿರು ಬಿಡುತ್ತಲಾದರೂ ಏರುತ್ತಿದ್ದ ಗಾಡಿ ನಾಲ್ಕನೆಯದಕ್ಕೆ ದಿಣ್ಣೆಯ ನಡುವೆ ನಿಂತುಬಿಡುತ್ತಿತ್ತು. ಕ್ಲಚ್ಚನ್ನು ಅರ್ಧ ಹಿಡಿದು, ಎಂಜಿನಿನ ಗಂಟಲು ಹರಿಯುವಂತೆ ಆಕ್ಸಿಲರೇಟರನ್ನು ತಿರುವಿ, ಹೇಗೋ ಮೇಲೆ ತಲುಪಿದರೆ ಸುಟ್ಟ ವಾಸನೆ. ಒಂದೇ ತಿಂಗಳಿನಲ್ಲಿ ಎರಡು ಸಲ ಕ್ಲಚ್ ಪ್ಲೇಟುಗಳನ್ನು ಬದಲಿಸಬೇಕಾಯಿತು. ಆ ದುಡ್ಡಿಗೆ ಟ್ಯಾಂಕರಿನ ನೀರನ್ನೇ ತರಿಸಬಹುದಿತ್ತಲ್ಲ ಎಂದು ಹೆಂಡತಿ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ ಆಗಿತ್ತು.

ಮೂರನೆಯ ಸಲ ಗ್ಯಾರೇಜಿಗೆ ಹೋದಾಗ ಮಿಸ್ತ್ರಿ ಪಾನೆಯನ್ನು ಕೈಗೆತ್ತಿಕೊಳ್ಳಲಿಲ್ಲ. ಕ್ಯಾನು ಎಷ್ಟು, ಏರು ಎಂಥದು, ಎಷ್ಟನೆಯ ಗೇರಿನಲ್ಲಿ ಹತ್ತಿಸುತ್ತೀ ಎಂದು ವೈದ್ಯನಂತೆ ವಿಚಾರಿಸಿದ. ಬಳಿಕ ಹೇಳಿದ:

“ತಮ್ಮಾ, ಇದರಾಗ ಕ್ಲಚ್ಚಿನ ತಪ್ಪಿಲ್ಲ. ಎಷ್ಟು ಪ್ಲೇಟು ಹಾಕಿದರೂ ಸುಡತಾವ. ಮುಂದಿನ ಸಾಕೆಟ್ಟು ಒಂದು ಹಲ್ಲು ಕಡಿಮಿದು ಹಾಕೂಣು.”

“ಹಲ್ಲು ಕಡಿಮಿ ಆದರ ಜೋರು ಕಡಿಮಿ ಆಗೂದಿಲ್ಲೇನು ಕಾಕಾ?”

ಈ ಪ್ರಶ್ನೆ ತರುಣನೊಬ್ಬನದಲ್ಲ, ವಿಷಯವನ್ನು ಮೊದಲ ಸಲ ಕೇಳುವ ಎಲ್ಲರದೂ ಹೌದು. ಕಡಿಮೆ ಮಾಡಿದರೆ ಹೆಚ್ಚಾಗುವುದು ಎಂಬ ಮಾತು ಬೆಡಗಿನ ವಚನದಂತೆ ಕೇಳಿಸುತ್ತದೆ. ಆದರೆ ಇದರಲ್ಲಿ ಬೆಡಗೇನೂ ಇಲ್ಲ, ಶುದ್ಧ ಗಣಿತವೇ ಇದೆ. ಅದನ್ನು ನಿಧಾನವಾಗಿ ನೋಡುವುದು ಒಳಿತು.

ಆತನ ಗಾಡಿಯಲ್ಲಿ ಮುಂದಿನ ಚಕ್ರಕ್ಕೆ 14 ಹಲ್ಲು, ಹಿಂದಿನದಕ್ಕೆ 42. ಸರಪಳಿ ಒಂದು ಹಲ್ಲಿಗೆ ಒಂದು ಕೊಂಡಿಯಂತೆ ಸರಿಯುವುದರಿಂದ ಮುಂದಿನದು ಮೂರು ಸುತ್ತು ಸುತ್ತಿದರೆ ಹಿಂದಿನ ಗಾಲಿ ಒಂದು ಸುತ್ತು ಉರುಳುತ್ತದೆ. 18 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 1.9 ಮೀಟರು ನೆಲವನ್ನು ಕ್ರಮಿಸುತ್ತದೆ ಎಂದಿಟ್ಟುಕೊಂಡರೆ, ಮುಂದಿನ ಸಣ್ಣ ಚಕ್ರದ ಒಂದು ಸುತ್ತಿಗೆ ಗಾಡಿ ಇಡುವ ಹೆಜ್ಜೆ 63 ಸೆಂಟಿಮೀಟರು. ಈಗ 14ರ ಬದಲು 13 ಹಲ್ಲಿನ ಚಕ್ರವನ್ನು ಕೂಡಿಸಿದರೆ ಅನುಪಾತ 3ರಿಂದ 3.23ಕ್ಕೆ ಏರುತ್ತದೆ, ಹೆಜ್ಜೆ 59 ಸೆಂಟಿಮೀಟರಿಗೆ ಇಳಿಯುತ್ತದೆ. ಎಂಜಿನು ಅದೇ, ಪೆಟ್ರೋಲು ಅದೇ, ಸವಾರನೂ ಅವನೇ. ಅದೇ ಶ್ರಮ ಕಡಿಮೆ ದೂರದ ಮೇಲೆ ಹರಡುವುದರಿಂದ ಪ್ರತಿಯೊಂದು ಅಂಗುಲಕ್ಕೂ ಸಿಗುವ ಎಳೆತ ನೂರಕ್ಕೆ ಏಳೂ ಮುಕ್ಕಾಲು ಪಾಲಿನಷ್ಟು ಹೆಚ್ಚುತ್ತದೆ. ಮೊದಲನೆಯ ಗೇರಿನಲ್ಲಿಯೂ ಅಷ್ಟೇ, ನಾಲ್ಕನೆಯದರಲ್ಲಿಯೂ ಅಷ್ಟೇ. ಏಕೆಂದರೆ ಗೇರ್ ಪೆಟ್ಟಿಗೆಯಿಂದ ಹೊರಬಂದ ಬಲವೆಲ್ಲ ಈ ಒಂದೇ ಬಾಗಿಲಿನಿಂದ ಹಾದುಹೋಗಬೇಕು.

ನೂರಕ್ಕೆ ಏಳೂ ಮುಕ್ಕಾಲು ಎಂದರೆ ಕಾಗದದ ಮೇಲೆ ಅಲ್ಪವಾಗಿ ತೋರುತ್ತದೆ. ಹಳ್ಳದ ಏರಿನಲ್ಲಿ ಅದು ಏನೆಂಬುದನ್ನು ತೂಕದಲ್ಲಿ ನೋಡಬೇಕು. ಗಾಡಿಯ ತೂಕ ಸುಮಾರು 110 ಕಿಲೊ, ಸವಾರನದು 65. ಮೂರು ಕ್ಯಾನು ನೀರು 60 ಕಿಲೊ. ಒಟ್ಟು 235. ಇಷ್ಟನ್ನು ಆ ಗಾಡಿ ಹತ್ತಿಸುತ್ತಿತ್ತು. ನಿಧಾನವಾಗಿ ಏರುವಾಗ ಗಾಳಿಯ ತಡೆ ಲೆಕ್ಕಕ್ಕಿಲ್ಲ. ಒಂದೇ ಏರಿನಲ್ಲಿ ಬೇಕಾಗುವ ಎಳೆತ ಒಟ್ಟು ಭಾರಕ್ಕೆ ಸಮನಾಗಿ ಏರುತ್ತ ಹೋಗುತ್ತದೆ. ಅಂದಮೇಲೆ ಎಳೆತ ನೂರಕ್ಕೆ ಏಳೂ ಮುಕ್ಕಾಲು ಹೆಚ್ಚಾದರೆ ಹತ್ತಿಸಬಲ್ಲ ಭಾರವೂ 235ರಿಂದ 253ರವರೆಗೆ ಹೆಚ್ಚಿತು. ನಾಲ್ಕನೆಯ ಕ್ಯಾನನ್ನು ಕಟ್ಟಿದರೆ ಒಟ್ಟು ಭಾರ 255. ಹೆಚ್ಚುಕಡಿಮೆ ಒಂದು ಹಲ್ಲಿಗೆ ಒಂದು ಕ್ಯಾನು! ಉಳಿದ ಎರಡು ಕಿಲೊ ಕೊರತೆಯನ್ನು ಎರಡೂ ಕಾಲು ನೆಲಕ್ಕೆ ಕೊಟ್ಟು ಒಂದಿಷ್ಟು ನೂಕಿದರೆ ತುಂಬಿಕೊಳ್ಳಬಹುದು. ಮಿಸ್ತ್ರಿ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿರಲಿಲ್ಲ. ಹಾಲಿನ ಕ್ಯಾನು ಹೊರುವ ಗಾಡಿಗಳನ್ನು ವರ್ಷಾನುಗಟ್ಟಲೆ ದುರಸ್ತಿ ಮಾಡಿದ ಕೈಗೆ ಅದು ತಾನಾಗಿಯೇ ಗೊತ್ತಿತ್ತು.

ಆದರೆ ಮನೆಯಲ್ಲಿ ತಂದೆ ಒಪ್ಪಲಿಲ್ಲ. ಗಾಡಿಯನ್ನು ಕೊಂಡದ್ದು ಅವರ ಹೆಸರಿನಲ್ಲಿ, ಅವರ ದುಡಿಮೆಯ ದುಡ್ಡಿನಿಂದ.

“ಕಂಪನ್ಯಾವರು ಹುಚ್ಚರೇನು? ಲೆಕ್ಕಾ ಹಾಕೇ ಕೂಡಿಸಿರತಾರ. ಅದರ ಹಲ್ಲು ಕಿತ್ತಿ ನೀ ಏನು ಶ್ಯಾಣ್ಯಾ ಆಗತಿ?”

ಮುಪ್ಪಿನ ಈ ಮಾತನ್ನು ಹಟವೆಂದು ತಳ್ಳಿಹಾಕುವುದು ಸರಿಯಲ್ಲ. ಕಂಪನಿಯವರು ಲೆಕ್ಕ ಹಾಕಿಯೇ ಇರುತ್ತಾರೆ. ಆದರೆ ಅವರು ಹಾಕಿದ್ದು ಇಂಡಿಯ ಹಳ್ಳದ ಏರಿನ ಲೆಕ್ಕವಲ್ಲ. ಒಬ್ಬ ಸವಾರ, ಹಿಂದೆ ಒಬ್ಬರು, ಡಾಂಬರಿನ ದಾರಿ, ಲೀಟರಿಗೆ ಆದಷ್ಟು ಹೆಚ್ಚು ಕಿಲೊಮೀಟರು: ದೇಶದ ಬಹುಪಾಲು ಗಿರಾಕಿಗಳು ಬಯಸುವ ಈ ಸರಾಸರಿಗೆ ಹೊಂದುವ ಅನುಪಾತವನ್ನು ಅವರು ಆರಿಸುತ್ತಾರೆ. ಸರಾಸರಿಯೊಳಗೆ ಸೇರದ ಒಬ್ಬನಿಗೆ ಅದು ಹೊಂದದಿದ್ದರೆ ಅದು ಯಾರ ತಪ್ಪೂ ಅಲ್ಲ. ಓಟದ ಸ್ಪರ್ಧೆಗೆ ಗಾಡಿಗಳನ್ನು ಸಜ್ಜುಗೊಳಿಸುವವರು ಪ್ರತಿಯೊಂದು ಪಥಕ್ಕೂ ಈ ಚಕ್ರಗಳನ್ನು ಬದಲಿಸಿಕೊಳ್ಳುತ್ತಾರೆ. ಉದ್ದನೆಯ ನೇರ ದಾರಿಯಿದ್ದಲ್ಲಿ ಒಂದು ಅಳತೆ, ತಿರುವುಗಳೇ ತುಂಬಿದಲ್ಲಿ ಇನ್ನೊಂದು. ಅವರಿಗೆ ಸಲ್ಲುವುದು ನೀರು ಹೊರುವವನಿಗೆ ಸಲ್ಲದೆ?

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬಹುದು. ಸರಪಳಿಯ ಈ ಸೌಕರ್ಯ ಬರುವ ಮೊದಲು, ಹತ್ತೊಂಬತ್ತನೆಯ ಶತಮಾನದ ಎತ್ತರದ ಬೈಸಿಕಲ್ಲುಗಳಲ್ಲಿ ಪೆಡಲುಗಳು ನೇರವಾಗಿ ಮುಂದಿನ ಗಾಲಿಗೇ ಇರುತ್ತಿದ್ದವು. ದೊಡ್ಡ ಹೆಜ್ಜೆ ಬೇಕೆಂದರೆ ಗಾಲಿಯನ್ನೇ ದೊಡ್ಡದು ಮಾಡಬೇಕು, ಸವಾರನು ಅಟ್ಟದ ಮೇಲೆ ಕುಳಿತಂತೆ ಕುಳಿತುಕೊಳ್ಳಬೇಕು. 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡ್ ಎಂಬಾತ ಗಟ್ಟಿಯಾದ ಉರುಳೆಯ ಸರಪಳಿಯನ್ನು ರೂಪಿಸಿದ. 1885ರಲ್ಲಿ ಸ್ಟಾರ್ಲಿ ಎಂಬಾತನ ‘ರೋವರ್’ ಬೈಸಿಕಲ್ಲು ಹಿಂದಿನ ಗಾಲಿಗೆ ಸರಪಳಿಯನ್ನು ಹೂಡಿತು. ಅಂದಿನಿಂದ ಗಾಲಿಯ ಗಾತ್ರಕ್ಕೂ ಹೆಜ್ಜೆಯ ಅಳತೆಗೂ ಇದ್ದ ಗಂಟು ಕಳಚಿತು. ಹೆಜ್ಜೆಯನ್ನು ತೀರ್ಮಾನಿಸುವ ಅಧಿಕಾರ ಹಲ್ಲಿನ ಚಕ್ರಗಳಿಗೆ ಬಂದಿತು. ಕನ್ನಡ ನಾಡಿನಲ್ಲಿ ಈ ವಿದ್ಯೆ ಮನೆಮಾತಾದದ್ದಕ್ಕೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಋಣವೂ ಇದೆ. 1960ರ ದಶಕದ ಆರಂಭದಿಂದ ಜಾವಾ, 1970ರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಆ ಕಾರ್ಖಾನೆಯ ಗಾಡಿಗಳು ಹೊರಬಂದವು. 1996ರಲ್ಲಿ ಅದು ಬಾಗಿಲು ಮುಚ್ಚಿತು. ‘ಫಟಫಟಿ’ ಎಂದು ಹಳ್ಳಿಯ ಹಿರಿಯರು ಈಗಲೂ ಕರೆಯುವುದು ಅಂಥ ಗಾಡಿಗಳ ಸದ್ದಿನ ನೆನಪಿನಿಂದಲೇ ಇರಬೇಕು. 1985ರಲ್ಲಿ ಬಂದ ಹೀರೊ ಹೋಂಡಾ ಸಿ.ಡಿ. 100, 1994ರ ಸ್ಪ್ಲೆಂಡರ್ ಮೊದಲಾದ ನೂರು ಸಿ.ಸಿ. ಗಾಡಿಗಳು ಬಳಿಕ ಹಳ್ಳಿಯ ಎತ್ತಿನ ಬಂಡಿಯ ಜಾಗವನ್ನು ಸದ್ದಿಲ್ಲದೆ ಆಕ್ರಮಿಸಿಕೊಂಡವು. ಸದ್ದಿಲ್ಲದೆ ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ.

ತಂದೆಯ ಮನಸ್ಸನ್ನು ತಿರುಗಿಸಿದ್ದು ಈ ಇತಿಹಾಸವಲ್ಲ, ಮಗನ ಗಣಿತವೂ ಅಲ್ಲ. ಮಗ ಹೇಳದೆ ಕೇಳದೆ ಚಕ್ರವನ್ನು ಬದಲಿಸಿಕೊಂಡು ಬಂದ. ಮೂರು ದಿನದ ಬಳಿಕ ನಸುಕಿನಲ್ಲಿ ಮೊದಲ ಖೇಪಿಗೆ ನಾಲ್ಕು ಕ್ಯಾನನ್ನು ತೂಗುಹಾಕಿದ. ಬಾವಿಯ ಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತಿದ್ದ ತಂದೆ ಮಾತಾಡಲಿಲ್ಲ. ಗಾಡಿ ಏರನ್ನು ಕಚ್ಚಿಕೊಂಡು, ನಡುವೆ ಒಮ್ಮೆ ಅನುಮಾನಿಸಿ, ನಿಲ್ಲದೆ ಮೇಲೆ ಹೋಯಿತು. ಸದ್ದು ಮಾತ್ರ ಬೇರೆಯಾಗಿತ್ತು. ಮೊದಲಿನ ಆರ್ತನಾದವಿರಲಿಲ್ಲ, ಬಿರುಸಾದ ಸಣ್ಣ ಸಣ್ಣ ಬಡಿತ. ಮಗ ಬರಿ ಕ್ಯಾನುಗಳೊಡನೆ ಕೆಳಗಿಳಿದಾಗ ತಂದೆ ಸೊಸೆಯ ಕಡೆಗೆ ತಿರುಗಿ ಹೇಳಿದರಂತೆ:

“ಏರು ಬಂದಾಗ ಎತ್ತು ಏನು ಮಾಡತೈತವಾ? ಹೆಜ್ಜಿ ಸಣ್ಣದು ಮಾಡತೈತಿ. ಗಾಡಿಗೂ ಹಂಗ ಮಾಡಿಸ್ಯಾನ ಅಷ್ಟ.”

ನಲವತ್ತು ವರ್ಷ ಬಂಡಿ ಹೊಡೆದವರ ವ್ಯಾಖ್ಯಾನವದು. 63 ಸೆಂಟಿಮೀಟರು 59 ಆದುದನ್ನು ಅದಕ್ಕಿಂತ ಚೆನ್ನಾಗಿ ವಿವರಿಸುವುದು ಎಂ.ಎ. ಮಾಡಿದವರಿಂದಲೂ ಆಗಲಾರದು.

ಮಿಸ್ತ್ರಿ ಮಾಡಿದ ಕೆಲಸದಲ್ಲಿಯೂ ಗಮನಿಸತಕ್ಕ ಸೂಕ್ಷ್ಮಗಳಿವೆ. ಎಳೆತವನ್ನು ಹೆಚ್ಚಿಸಲು ಎರಡು ದಾರಿ: ಮುಂದಿನದರಲ್ಲಿ ಹಲ್ಲು ಕಡಿಮೆ ಮಾಡುವುದು, ಇಲ್ಲವೆ ಹಿಂದಿನದರಲ್ಲಿ ಹೆಚ್ಚಿಸುವುದು. ಹಿಂದಿನದಕ್ಕೆ ಮೂರು ಹಲ್ಲು ಸೇರಿಸಿ 45 ಮಾಡಿದರೆ ಅನುಪಾತ 3.21, ಮುಂದಿನ ಒಂದು ಹಲ್ಲಿಗೆ ಹಿಂದಿನ ಮೂರು ಹೆಚ್ಚುಕಡಿಮೆ ಸಮ. ಆದರೆ ಹಿಂದಿನದು ದೊಡ್ಡದಾದರೆ ಸರಪಳಿ ಸಾಲದಾಗುತ್ತದೆ. ಅದಕ್ಕೆ ಕೊಂಡಿಗಳನ್ನು ಸೇರಿಸಬೇಕು, ಅದೂ ಒಳಕೊಂಡಿ ಹೊರಕೊಂಡಿ ಜೋಡಿಯಾಗಿ ಎರಡೆರಡರಂತೆ. ಮುಂದಿನದು ಕಿರಿದಾದರೆ ಸರಪಳಿ ಸಡಿಲವಾಗುತ್ತದಷ್ಟೆ. ಕೊಂಡಿಯಿಂದ ಕೊಂಡಿಗೆ ಅರ್ಧ ಇಂಚು, ಎಂದರೆ 12.7 ಮಿಲಿಮೀಟರು. ಒಂದು ಹಲ್ಲು ಕಡಿಮೆಯಾದರೆ ಅರ್ಧ ಕೊಂಡಿಯಷ್ಟು ಸಡಿಲ. ಅದು ಮೇಲೆ ಕೆಳಗೆ ಎರಡು ಎಳೆಗಳಲ್ಲಿ ಹಂಚಿಹೋಗುವುದರಿಂದ ಹಿಂದಿನ ಗಾಲಿಯನ್ನು ಸುಮಾರು ಮೂರು ಮಿಲಿಮೀಟರು ಹಿಂದಕ್ಕೆ ಸರಿಸಿದರೆ ಸಾಕು. ಸರಿಸುವಾಗ ಎರಡೂ ಬದಿಯ ಗುರುತುಗಳು ಸಮನಾಗಿರಬೇಕು, ಇಲ್ಲದಿದ್ದರೆ ಗಾಲಿ ಸೊಟ್ಟಗಾಗಿ ಟಯರು ಸವೆಯುತ್ತದೆ. ಮುಂದಿನ ಚಕ್ರ ಅಗ್ಗವೂ ಹೌದು. ಎರಡು ಬೋಲ್ಟು, ಒಂದು ತಡೆಪಟ್ಟಿ ಬಿಚ್ಚಿದರೆ ಕೈಗೆ ಬರುತ್ತದೆ. ಒಂದು ಚಹಾ ಆರುವಷ್ಟರಲ್ಲಿ ಮುಗಿಯುವ ಕೆಲಸ.

“ಹಂಗಾದರ ಹನ್ನೆರಡರದು ಹಾಕಿದರ?” ಎಂದು ತರುಣ ಆಸೆಯಿಂದ ಕೇಳಿದ್ದ. ಮಿಸ್ತ್ರಿ ತಲೆಯಾಡಿಸಿ ಬೇಡವೆಂದ. ಚಕ್ರ ಕಿರಿದಾದಷ್ಟೂ ಸರಪಳಿ ಹೆಚ್ಚು ಮಡಚಿಕೊಳ್ಳಬೇಕು. 14 ಹಲ್ಲಿನ ಮೇಲೆ ಪ್ರತಿ ಕೊಂಡಿ ಬಾಗುವ ಕೋನ 25.7 ಅಂಶವಾದರೆ 13ರ ಮೇಲೆ 27.7, 12ರ ಮೇಲೆ 30. ಬಾಗಿದಷ್ಟೂ ಸವೆತ. ಮೇಲಾಗಿ ಕಿರಿದಾದ ಚಕ್ರದಿಂದ ಹೊರಟ ಸರಪಳಿ ಹಿಂದಿನ ಗಾಲಿಯನ್ನು ಹಿಡಿದಿರುವ ತೋಳಿನ ಕಬ್ಬಿಣಕ್ಕೆ ಉಜ್ಜುವ ಸಂಭವವೂ ಇರುತ್ತದೆ. 13ರಲ್ಲಿ ಒಂದು ಸಣ್ಣ ಸಮಾಧಾನವಿದೆ. ಸರಪಳಿಯ ಕೊಂಡಿಗಳ ಸಂಖ್ಯೆ ಸಮ. ಚಕ್ರದ ಹಲ್ಲೂ ಸಮಸಂಖ್ಯೆಯಾದರೆ ಒಂದೊಂದು ಹಲ್ಲಿಗೆ ಯಾವಾಗಲೂ ಒಂದೇ ಬಗೆಯ ಕೊಂಡಿ, ಒಳಗಿನದಾದರೆ ಒಳಗಿನದೇ, ಎದುರಾಗುತ್ತದೆ. ಬೆಸಸಂಖ್ಯೆಯಾದರೆ ಸುತ್ತು ಸುತ್ತಿಗೂ ಅದಲು ಬದಲು. ಸವೆತ ಎಲ್ಲ ಹಲ್ಲುಗಳಿಗೂ ಸಮನಾಗಿ ಹಂಚಿಹೋಗುತ್ತದೆ.

ಇನ್ನೊಂದು ಮಾತನ್ನು ಮಿಸ್ತ್ರಿ ಒತ್ತಿ ಹೇಳಿದ, ಅದನ್ನು ಇಲ್ಲಿಯೂ ಒತ್ತಿ ಹೇಳಬೇಕು. ಹಲ್ಲು ಬದಲಿಸಿದರೆ ಎಳೆತ ಹೆಚ್ಚುತ್ತದೆಯೇ ಹೊರತು ಚಾಸಿ, ಹಿಂದಿನ ಶಾಕ್ ಅಬ್ಸಾರ್ಬರು, ಟಯರು, ಬ್ರೇಕು ಇವುಗಳ ತ್ರಾಣ ಎಳ್ಳಷ್ಟೂ ಹೆಚ್ಚುವುದಿಲ್ಲ. ಗಾಡಿ ಎಷ್ಟು ಭಾರವನ್ನು ತಾಳಬಲ್ಲದೆಂದು ಕಂಪನಿಯ ಕೈಪಿಡಿಯಲ್ಲಿ ಬರೆದಿರುತ್ತದೆ. ನಾಲ್ಕು ಕ್ಯಾನಿನ ಭಾರ ಆ ಗೆರೆಯನ್ನು ದಾಟಿದ್ದು. ಹೊಲದ ದಾರಿಯಲ್ಲಿ, ನಡಿಗೆಯ ವೇಗದಲ್ಲಿ ಅದು ನಡೆದುಹೋಯಿತು. ಡಾಂಬರಿನ ಮೇಲೆ ಅದೇ ಭಾರದೊಡನೆ ಓಡಿಸುವುದು ಅವಿವೇಕ. ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ವಿಧಿಸುತ್ತದೆ. ಚಕ್ರದ ಹಲ್ಲಿನ ಸಂಖ್ಯೆ ಆ ಪತ್ರದ ವಿವರಗಳಲ್ಲಿ ಬರುವುದಿಲ್ಲ. ಹಾಗೆಂದು ಹೊಸ ಗಾಡಿಯ ವಾರಂಟಿಗೆ ಧಕ್ಕೆ ಬಂದರೆ ಯಾರೂ ಹೊಣೆಯಾಗುವುದಿಲ್ಲ.

ಆ ಬೇಸಿಗೆಯುದ್ದಕ್ಕೂ ಮೂರು ದಿನಕ್ಕೊಮ್ಮೆ 12 ಖೇಪು ನಡೆದವು. ತರುಣ ಹತ್ತಕ್ಕೆ ಅಂಗಡಿಯನ್ನು ಮುಟ್ಟಿದ, ಕೆಲವು ದಿನ ಒದ್ದೆ ಪ್ಯಾಂಟಿನಲ್ಲಿಯೇ. ಕ್ಲಚ್ ಪ್ಲೇಟು ಮತ್ತೆ ಸುಡಲಿಲ್ಲ. ಬರಿ ಕ್ಯಾನುಗಳೊಡನೆ ಇಳಿಜಾರಿನಲ್ಲಿ ಬರುವಾಗ ಎಂಜಿನೇ ಗಾಡಿಯನ್ನು ಮೊದಲಿಗಿಂತ ಬಿಗಿಯಾಗಿ ತಡೆಹಿಡಿಯುತ್ತಿತ್ತು, ಬ್ರೇಕಿನ ಮೇಲಿನ ಹೊರೆ ಇಳಿಯಿತು. ಇದು ಯಾರೂ ಎಣಿಸದೆ ದೊರೆತ ಲಾಭ.

ಎಣಿಸಿದ್ದ ನಷ್ಟವೂ ಬಂದಿತು. ತಂದೆಯ ಕಣ್ಣಿನ ಪರೆಗೆ ವಿಜಯಪುರದಲ್ಲಿ ಶಸ್ತ್ರಚಿಕಿತ್ಸೆಯಾಗಿ, ಮೇಲಿಂದ ಮೇಲೆ ತಪಾಸಣೆಗೆ ಹೋಗಬೇಕಿತ್ತು. ಐವತ್ತು ಕಿಲೊಮೀಟರಿಗೂ ಮಿಕ್ಕಿದ ದಾರಿ. ಬಸ್ಸಿನ ನೂಕುನುಗ್ಗಲು ಬೇಡವೆಂದು ತಂದೆ ಗಾಡಿಯ ಹಿಂದೆಯೇ ಕೂರುತ್ತಿದ್ದರು. ಸಣ್ಣ ಹೆಜ್ಜೆ ಏರಿನಲ್ಲಿ ವರವಾದರೆ ಬಯಲಿನಲ್ಲಿ ಶಾಪ. ಐವತ್ತು ಕಿಲೊಮೀಟರಿಗೆ ಮುಂದಿನ ಚಕ್ರ ಮೊದಲು ಸುತ್ತುತ್ತಿದ್ದದ್ದಕ್ಕಿಂತ ಆರು ಸಾವಿರ ಸುತ್ತು ಹೆಚ್ಚಿಗೆ ಸುತ್ತಬೇಕು. ಎಂಜಿನು ಅದರ ಎಷ್ಟೋ ಪಟ್ಟು. ಅರವತ್ತರ ವೇಗದಲ್ಲಿ ಮೊದಲು ಹಾಯಾಗಿ ಹೋಗುತ್ತಿದ್ದ ಗಾಡಿ ಈಗ ಇನ್ನೊಂದು ಗೇರು ಬೇಕೆಂದು ಗೋಗರೆಯುವಂತೆ ಕೂಗುತ್ತಿತ್ತು. ಐದನೆಯ ಗೇರಿಗಾಗಿ ಆತನ ಎಡಗಾಲು ತಾನಾಗಿಯೇ ಮಿಡುಕುತ್ತಿತ್ತು. ಇದ್ದದ್ದು ನಾಲ್ಕೇ. ಹಿಡಿಕೆಯ ಅದುರು ಕೈಗೇರಿತು. ಲೀಟರಿಗೆ 64 ಕಿಲೊಮೀಟರು ಕೊಡುತ್ತಿದ್ದುದು 60ಕ್ಕೆ ಇಳಿಯಿತು. ಆ ಗಾಡಿಯ ವೇಗಮಾಪಕಕ್ಕೆ ಮುಂದಿನ ಗಾಲಿಯಿಂದ ತಂತಿ ಬರುವುದರಿಂದ ಈ ಲೆಕ್ಕ ನಂಬತಕ್ಕದ್ದು. ಗೇರ್ ಪೆಟ್ಟಿಗೆಯ ಬದಿಯಿಂದಲೇ ವೇಗವನ್ನು ಅಳೆಯುವ ಗಾಡಿಗಳಲ್ಲಾದರೆ ಹಲ್ಲು ಬದಲಾದೊಡನೆ ಮಾಪಕವೂ ಸುಳ್ಳು ಹೇಳತೊಡಗುತ್ತದೆ, ಓಡದ ದೂರವನ್ನು ಓಡಿದೆನೆಂದು ತೋರಿಸುತ್ತದೆ.

ಎರಡನೆಯ ಸಲ ವಿಜಯಪುರದಿಂದ ಮರಳಿದ ಸಂಜೆ ತಂದೆ ಕಟ್ಟೆಯ ಮೇಲೆ ಕುಳಿತು ಮೊಣಕಾಲು ನೀವಿಕೊಳ್ಳುತ್ತಿದ್ದರು. ಮಗ ತಾನಾಗಿಯೇ, “ಮೊದಲಿನ ಸಾಕೆಟ್ಟು ತಿರುಗಿ ಹಾಕಸಲೇನಪಾ?” ಎಂದು ಕೇಳಿದ. ಕಣ್ಣಿಗೆ ಕಪ್ಪು ಕನ್ನಡಕ, ಮುಖ ಕಾಣಿಸುತ್ತಿರಲಿಲ್ಲ.

“ಮಳಿ ಆಗಲಿ ತಮ್ಮಾ. ಗಿಡಾ ಇನ್ನೂ ಕುಡೀಲಿಕ್ಕ ಹತ್ಯಾವ.”

ಗಾಡಿಯ ಹಲ್ಲು ಕೀಳಬೇಡವೆಂದು ಬೈದಿದ್ದವರು ಇವರೇ. ಮುಂದಿನ ತಪಾಸಣೆಗೆ ಅವರು ಬಸ್ಸಿನಲ್ಲಿ ಹೋದರು.

2024ರ ಜೂನಿನಲ್ಲಿ ಮಳೆಯಾಯಿತು. 96 ಸಸಿಗಳಲ್ಲಿ 89 ಉಳಿದಿದ್ದವು. ಹೋದ ಏಳರಲ್ಲಿ ಐದು, ಏರು ಹತ್ತದ ಆ ಮೊದಲ ತಿಂಗಳಿನಲ್ಲಿಯೇ ಒಣಗಿದವು. ಹಳೆಯ 14ರ ಚಕ್ರವನ್ನು ಚೀಲದಲ್ಲಿ ಹಾಕಿಕೊಂಡು ತರುಣ ಮತ್ತೆ ಗ್ಯಾರೇಜಿಗೆ ಹೋದ. ಮಿಸ್ತ್ರಿ ಸರಪಳಿಯನ್ನು ಬಿಗಿಯಾಗಿ ಹಿಡಿದು ಇಪ್ಪತ್ತು ಕೊಂಡಿಗಳ ಉದ್ದವನ್ನು ಅಳೆದ. ಹೊಸದರಲ್ಲಿ 254 ಮಿಲಿಮೀಟರು ಇರಬೇಕಾದದ್ದು 259ಕ್ಕೂ ಮಿಕ್ಕಿ ಬಂದಿತು. ಕೆಸರು, ಧೂಳು, ಭಾರ ಮೂರೂ ಸೇರಿ ಅದನ್ನು ಎಳೆದು ಉದ್ದ ಮಾಡಿದ್ದವು. ಇಂಥ ಸರಪಳಿಗೆ ಒಳ್ಳೆಯ ಚಕ್ರವನ್ನು ಕೂಡಿಸಿದರೆ ಚಕ್ರದ ಹಲ್ಲೂ ಕೊಕ್ಕೆಯಂತೆ ಬಾಗಿ ಹಾಳಾಗುತ್ತದೆ. ಬದಲಿಸುವುದಾದರೆ ಸರಪಳಿ, ಮುಂದಿನದು, ಹಿಂದಿನದು ಮೂರನ್ನೂ ಒಟ್ಟಿಗೆ ಬದಲಿಸಬೇಕು ಎಂದ. ಆ ತಿಂಗಳ ಪಗಾರಿನಲ್ಲಿ ಅದು ಆಗುವಂತಿರಲಿಲ್ಲ. ಶ್ರಾವಣ ಕಳೆದ ಮೇಲೆ ಹೊಸ ಜೋಡಣೆಯಾಯಿತು, 14 ಮತ್ತು 42. ಹೊಸ ಸರಪಳಿಗೆ ಎಣ್ಣೆ ಬಿಟ್ಟು, ಬೆರಳಿನಿಂದ ಮೇಲೆ ಕೆಳಗೆ ಆಡಿಸಿ, ಎರಡು ಮೂರು ಸೆಂಟಿಮೀಟರು ಸಡಿಲವಿರುವಂತೆ ನೋಡಿ ಮಿಸ್ತ್ರಿ ಗಾಡಿಯನ್ನು ಒಪ್ಪಿಸಿದ. ತಂದೆಯನ್ನು ಹಿಂದೆ ಕೂರಿಸಿಕೊಂಡು ವಿಜಯಪುರಕ್ಕೆ ಹೋದಾಗ ಗಾಡಿ ಮೊದಲಿನಂತೆ ಅರವತ್ತರಲ್ಲಿ ತಣ್ಣಗೆ ಓಡಿತು.

ಹೊರಡುವ ಮುನ್ನ ಮಿಸ್ತ್ರಿ 13ರ ಚಕ್ರವನ್ನು ಗುಜರಿಯ ಡಬ್ಬಿಗೆ ಎಸೆಯಹೋದಾಗ ತರುಣ ಕೈಚಾಚಿ ಇಸಿದುಕೊಂಡಿದ್ದ. ಸವೆದದ್ದಾದರೂ ಅಳತೆಗಾದರೂ ಇರಲಿ ಎಂದು. ಎಣ್ಣೆಯಲ್ಲಿ ಅದ್ದಿದ ಬಟ್ಟೆಯಲ್ಲಿ ಸುತ್ತಿದ ಅದು ಈಗ ಅವರ ಮನೆಯ ದಂದಕ್ಕಿಯ ಗೋಡೆಯ ಗೂಡಿನಲ್ಲಿ, ಮಾರಿಹೋದ ಎತ್ತುಗಳ ಕೊರಳಗಂಟೆಯ ಪಕ್ಕದಲ್ಲಿದೆ. ಮರುವರ್ಷದ ಫೆಬ್ರುವರಿಯಲ್ಲಿ ದೊಡ್ಡಪ್ಪನ ಬಾವಿಯ ನೀರು ಎರಡು ಮೆಟ್ಟಿಲು ಕೆಳಗಿಳಿಯಿತೆಂದು ಸೊಸೆ ಬಂದು ಹೇಳಿದ ದಿನ, ತಂದೆ ಎದ್ದು ಹೋಗಿ ಆ ಬಟ್ಟೆಯನ್ನು ಬಿಚ್ಚಿ, ಹಲ್ಲುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಎಣಿಸಿ, ಮತ್ತೆ ಸುತ್ತಿ ಇಟ್ಟರು.